ಎಂಜಿನ್ನಿನ ಮಂದಗತಿಯ ದೋಷವೂ ಯಜಮಾನರ ಕರ್ತವ್ಯವೂ

ಮಂಡ್ಯ ಮದ್ದೂರುಗಳ ನಡುವೆ ರೈಲುದಾರಿಯ ಮೇಲಿರುವ ಹನಕೆರೆಯ ಸುತ್ತಣ ಸೀಮೆಯಲ್ಲಿ ಹಿಂದಿನ ತಲೆಮಾರುಗಳ ಬೇಸಾಯವೆಲ್ಲವೂ ಎತ್ತುಗಳ ಹೆಗಲ ಮೇಲೆ ನಡೆಯುತ್ತಿದ್ದಿತು. ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿತೆಂದರೆ ಯಜಮಾನನು ಒಡನೆಯೇ ಅದರ ಕಿವಿಯನ್ನು ಮುಟ್ಟಿ, ಮೂತಿಯ ತೇವವನ್ನು ನೋಡಿ, ಆ ದಿನ ನೊಗಕ್ಕೆ ಕಟ್ಟದೆ ಬಿಡುತ್ತಿದ್ದನು. ಅದಕ್ಕಾಗಿ ಅವನು ವೈದ್ಯನಾಗಿರಬೇಕಾಗಿರಲಿಲ್ಲ. ನೋಡುವ ಅಭ್ಯಾಸವೊಂದೇ ಸಾಕಾಗಿದ್ದಿತು. ಈಗ ಉಳುಮೆ, ಕೆಸರು ತುಳಿತ, ಕಬ್ಬಿನ ಸಾಗಣೆಗಳು ಬಹುಮಟ್ಟಿಗೆ ಟ್ರ್ಯಾಕ್ಟರು ಪವರ್ ಟಿಲ್ಲರುಗಳ ಪಾಲಾಗಿವೆ. ಎತ್ತಿನ ವಿಷಯದಲ್ಲಿದ್ದ ಆ ಎಚ್ಚರಿಕೆಯು ಮಾತ್ರ ಎಂಜಿನ್ನಿನ ವಿಷಯದಲ್ಲಿ ಇನ್ನೂ ಬೇರೂರಿಲ್ಲವೆಂಬುದು ವಿಷಾದಕರವಾದ ಸಂಗತಿಯು.

ಹೊರೆಯಿಲ್ಲದೆ, ವೇಗದ ಹಿಡಿಯನ್ನು ಪೂರ್ಣವಾಗಿ ಇಳಿಸಿದಾಗ ಎಂಜಿನ್ನು ನಡೆಯುವ ನಡೆಯೇ ಅದರ ಮಂದಗತಿ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಇದು ನಿಮಿಷಕ್ಕೆ ಸುಮಾರು 700 ರಿಂದ 850 ಸುತ್ತುಗಳಷ್ಟಿರುತ್ತದೆ. ಎಂಜಿನ್ನಿನ ಆರೋಗ್ಯವು ಮೊದಲು ತಿಳಿದುಬರುವುದು ಇಲ್ಲಿಯೇ. ವೇಗವಾಗಿ ತಿರುಗುವಾಗ ಭಾರವಾದ ಚಕ್ರದ ಓಟವು ಸಣ್ಣ ಕುಂದುಗಳನ್ನು ಮುಚ್ಚಿಬಿಡುತ್ತದೆ. ಮಂದಗತಿಯಲ್ಲಾದರೋ ಒಂದೊಂದು ಸ್ಫೋಟದ ಕೊರತೆಯೂ ನಡುಕವಾಗಿ ಹೊರಬೀಳುತ್ತದೆ. ಈ ನಡುಕವನ್ನು ಕಂಡೊಡನೆ ಚಾಲಕರಲ್ಲಿ ಹಲವರು ಮಾಡುವ ಉಪಾಯವು ಒಂದೇ: ಮಂದಗತಿಯ ತಿರುಪನ್ನು ತಿರುಗಿಸಿ ವೇಗವನ್ನು ಏರಿಸುವುದು. ನಡುಕವು ಅಡಗುತ್ತದೆ, ದೋಷವು ಉಳಿಯುತ್ತದೆ. ಇದು ಜ್ವರ ಬಂದ ಎತ್ತಿಗೆ ಚಾಟಿಯೇಟು ಕೊಟ್ಟು ನಡೆಯಿಸಿದಂತೆಯೇ ಸರಿ. ಕಾರಣವು ತಿಳಿಯುವವರೆಗೆ ಆ ತಿರುಪನ್ನು ಮುಟ್ಟದಿರುವುದೇ ಹೊಸಬನು ಕಲಿಯತಕ್ಕ ಮೊದಲನೆಯ ಪಾಠವು.

ಪರೀಕ್ಷೆಗೆ ಮೊದಲು ಗೇರನ್ನು ತಟಸ್ಥದಲ್ಲಿಟ್ಟು, ಬ್ರೇಕನ್ನು ಬಿಗಿದು, ಯಂತ್ರವನ್ನು ಬಯಲಿನಲ್ಲಿ ನಿಲ್ಲಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನಿನ ಹೊಗೆಯು ಪ್ರಾಣಾಪಾಯಕರವಾದುದು. ಪಂಚೆಯ ತುದಿ, ಹೆಗಲ ವಸ್ತ್ರಗಳು ಬೆಲ್ಟು ಫ್ಯಾನುಗಳ ಹತ್ತಿರ ಸುಳಿಯಬಾರದು. ತಣ್ಣಗಿರುವ ಎಂಜಿನ್ನು ಮೊದಲ ಕೆಲವು ನಿಮಿಷ ಒರಟಾಗಿ ನಡೆಯುವುದು ಸಹಜವಾದುದರಿಂದ, ಅದು ಬೆಚ್ಚಗಾದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ಆಗ ಹೊಗೆಯ ಬಣ್ಣವನ್ನು ನೋಡುವುದು ಯುಕ್ತವು. ಕಪ್ಪು ಹೊಗೆಯು ಗಾಳಿ ಸಾಲದೆಂದಾಗಲಿ ಇಂಧನವು ಹೆಚ್ಚಾಗಿದೆಯೆಂದಾಗಲಿ ತಿಳಿಸುತ್ತದೆ. ನೀಲಿಯು ಎಣ್ಣೆಯು ಉರಿಯುತ್ತಿರುವುದರ ಗುರುತು. ಬಿಸಿಯಾದ ಬಳಿಕವೂ ನಿಲ್ಲದ ಬಿಳಿ ಹೊಗೆಯು ಇಂಧನವು ಪೂರ್ತಿ ಉರಿಯುತ್ತಿಲ್ಲವೆಂಬುದಕ್ಕೋ ಒಳಗೆ ನೀರು ಸೇರುತ್ತಿರುವುದಕ್ಕೋ ಸೂಚನೆಯು.

ಅನಂತರ ಸುಲಭವಾದುದರಿಂದ ಕಠಿನವಾದುದಕ್ಕೆ ಕ್ರಮವಾಗಿ ಹೋಗಬೇಕು. ಎಂಜಿನ್ನನ್ನು ನಿಲ್ಲಿಸಿ, ಅದನ್ನು ಚೌಕಟ್ಟಿಗೆ ಹಿಡಿದಿರುವ ಬೋಲ್ಟುಗಳು ಸಡಿಲವಾಗಿವೆಯೋ ನೋಡುವುದು ಮೊದಲನೆಯದು. ಎಂಜಿನ್ನು ಸರಿಯಾಗಿದ್ದು ಬೋಲ್ಟು ಮಾತ್ರ ಸಡಿಲವಾಗಿದ್ದರೂ ಯಂತ್ರವೆಲ್ಲವೂ ನಡುಗುವುದುಂಟು. ಎರಡನೆಯದು ಗಾಳಿಯ ಶೋಧಕವು. ಎಣ್ಣೆಬಟ್ಟಲಿನ ಮಾದರಿಯಾದರೆ ಬಟ್ಟಲನ್ನು ತೊಳೆದು ಹೊಸ ಎಣ್ಣೆಯನ್ನು ಗುರುತಿನವರೆಗೆ ಹಾಕಬೇಕು. ಕಾಗದದ ಮಾದರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯಲೇ ಕೂಡದು.

ಮೂರನೆಯದಾದ ಇಂಧನದ ದಾರಿಯಲ್ಲಿಯೇ ದೋಷವು ಹೆಚ್ಚಾಗಿ ಅಡಗಿರುತ್ತದೆ. ತೊಟ್ಟಿಯ ಮುಚ್ಚಳದ ಗಾಳಿರಂಧ್ರವು ಮಣ್ಣಿನಿಂದ ಮುಚ್ಚಿದರೂ ಡೀಸಲ್ಲು ಸರಾಗವಾಗಿ ಇಳಿಯದು. ಶೋಧಕದ ಕೆಳಗಣ ಬಟ್ಟಲಿನಲ್ಲಿ ನೀರು ನಿಂತಿದ್ದರೆ ಬಸಿಯಬೇಕು. ಅರ್ಧ ಖಾಲಿಯಾದ ತೊಟ್ಟಿಯಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವು ನೀರಾಗುವುದರಿಂದ, ತೊಟ್ಟಿಯನ್ನು ಬೆಳಿಗ್ಗೆ ತುಂಬುವುದಕ್ಕಿಂತ ಸಂಜೆ ಕೆಲಸವು ಮುಗಿದೊಡನೆ ತುಂಬುವುದು ಲೇಸು. ಶೋಧಕವನ್ನು ಬದಲಾಯಿಸಿದ ಮೇಲೆ, ಅಥವಾ ಇಂಧನವು ಪೂರ್ತಿ ತೀರಿದ ಮೇಲೆ, ಕೊಳವೆಯಲ್ಲಿ ಗಾಳಿಯು ಸೇರುತ್ತದೆ. ಡೀಸಲ್ಲಿನಂತೆ ಗಾಳಿಯು ಗಟ್ಟಿಯಾಗಿ ಒತ್ತಡವನ್ನು ತಾಳದೆ ಕುಗ್ಗುವುದರಿಂದ ಸಿಂಪಡಿಕೆಯು ತಪ್ಪುತ್ತದೆ. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಶೋಧಕದ ಮೇಲಣ ಗಾಳಿತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಯಿಲ್ಲದ ಡೀಸಲ್ಲು ಬರುವವರೆಗೆ ಬಿಟ್ಟು ಬಿಗಿದರೆ ಈ ದೋಷವು ನೀಗುತ್ತದೆ. ಇಷ್ಟರಿಂದಲೇ ಎಷ್ಟೋ ಎಂಜಿನ್ನುಗಳು ಸಮನಡೆಗೆ ಬರುವುದುಂಟು.

ಇಲ್ಲಿಗೆ ಹೊಸಬನ ಎಲ್ಲೆಯು ಮುಗಿಯಿತು. ಇಂಧನವನ್ನು ಸಿಂಪಡಿಸುವ ನಾಜಲ್ಲು, ಒತ್ತಡದ ಪಂಪು, ಕವಾಟಗಳ ಅಂತರ, ಸಿಲಿಂಡರಿನ ಒತ್ತಡ ಇವು ಬಲ್ಲವರ ಕೆಲಸಗಳು. ಹಳೆಯ ಮಾದರಿಯಲ್ಲಿಯೂ ನಾಜಲ್ಲು ಬಿಡುವ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 200 ಪಟ್ಟು ಇರುತ್ತದೆ. ಕಾಮನ್ ರೈಲ್ ಮಾದರಿಯಲ್ಲಿ ಅದು 1000 ಪಟ್ಟನ್ನೂ ಮೀರುತ್ತದೆ. ಇಂತಹ ಧಾರೆಯು ಚರ್ಮವನ್ನು ಸೀಳಿ ಮೈಯೊಳಗೆ ಹೊಗುತ್ತದೆ. ಗಾಯವು ಸೂಜಿಮೊನೆಯಷ್ಟು ಕಂಡರೂ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. 50 ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರುಗಳಿಗೆ 2023 ರಿಂದ ಹೊಸ ಹೊಗೆನಿಯಮವು ಜಾರಿಗೆ ಬಂದ ಮೇಲೆ ಇಂತಹ ಎಂಜಿನ್ನುಗಳು ಹಳ್ಳಿಗಳಿಗೂ ಬರುತ್ತಿವೆ. ಇವುಗಳ ಕೊಳವೆಯನ್ನು ನಡೆಯುವಾಗ ಸಡಿಲಿಸಿ ನೋಡುವ ಹಳೆಯ ಪದ್ಧತಿಯನ್ನು ಸರ್ವಥಾ ಬಿಡತಕ್ಕದ್ದು.

ಹೀಗಿರುವಲ್ಲಿ, ಅರೆಬರೆ ಕಲಿತವನು ಕೈಹಚ್ಚುವುದಕ್ಕಿಂತ ಎಲ್ಲವನ್ನೂ ಮೆಕ್ಯಾನಿಕರಿಗೆ ಬಿಡುವುದೇ ಲೇಸೆಂದು ಕೆಲವರು ವಾದಿಸುವರು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಅರ್ಧ ಸತ್ಯವು. ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಿ ನೀರು ಸರದಿಯಂತೆ ಬರುತ್ತದೆ, ನಾಟಿಯ ಸಮಯವು ಎಲ್ಲರಿಗೂ ಒಮ್ಮೆಲೇ ಒದಗುತ್ತದೆ. ಆ ವಾರದಲ್ಲಿ ಮೆಕ್ಯಾನಿಕರು ಹತ್ತು ಊರುಗಳಿಗೆ ಬೇಕಾದವರು. ಬಟ್ಟಲಿನ ನೀರನ್ನು ಬಸಿಯಲು ಅವರನ್ನು ಎರಡು ದಿನ ಕಾಯುವುದು ವಿವೇಕವಲ್ಲ. ಇದಲ್ಲದೆ, ಯಾವುದನ್ನು ನೋಡಿಯಾಯಿತು, ಯಾವುದು ಉಳಿದಿದೆಯೆಂದು ಹೇಳಬಲ್ಲ ಯಜಮಾನನಿಗೆ ಮೆಕ್ಯಾನಿಕನ ಕೆಲಸವೂ ಬೇಗ ಮುಗಿಯುತ್ತದೆ, ಬೇಡದ ಭಾಗವನ್ನು ಕೊಳ್ಳುವ ವೆಚ್ಚವೂ ತಪ್ಪುತ್ತದೆ.

ಇನ್ನೊಂದು ದುರಭ್ಯಾಸವನ್ನೂ ಹೇಳಬೇಕಾಗಿದೆ. 1933 ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದಾಗ ಕಬ್ಬು ಗಾಡಿಗಳಲ್ಲಿ ಬರುತ್ತಿದ್ದಿತು; ಕಾಯುವ ಹೊತ್ತಿನಲ್ಲಿ ಎತ್ತುಗಳನ್ನು ಬಿಚ್ಚಿ ಮೇವು ಹಾಕುತ್ತಿದ್ದರು. ಈಗ ಕಬ್ಬಿನ ಸಾಲಿನಲ್ಲಿ ನಿಂತ ಟ್ರ್ಯಾಕ್ಟರಿನ ಎಂಜಿನ್ನನ್ನು ಗಂಟೆಗಟ್ಟಲೆ ನಡೆಯಬಿಡುವುದುಂಟು. ದೀರ್ಘವಾದ ಮಂದಗತಿಯಲ್ಲಿ ಎಂಜಿನ್ನು ತಕ್ಕಷ್ಟು ಬಿಸಿಯಾಗದೆ, ಉರಿಯದ ಡೀಸಲ್ಲು ಮಸಿಯಾಗಿ ನಾಜಲ್ಲಿಗೆ ಹತ್ತುತ್ತದೆ, ಕೆಳಗಿಳಿದು ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ಇಂದು ವ್ಯರ್ಥವಾದ ಮಂದಗತಿಯೇ ಮುಂದೆ ಒರಟು ಮಂದಗತಿಗೆ ಬೀಜವು.

ಎಲ್ಲಕ್ಕಿಂತ ಮುಖ್ಯವಾದುದು ಬೇರೊಂದುಂಟು. ದೋಷವನ್ನು ಮೊದಲು ಕೇಳುವ ಕಿವಿ ಯಜಮಾನನದಲ್ಲ, ಚಾಲಕನದು. ಎಂಜಿನ್ನು ನಡುಗುತ್ತಿದೆಯೆಂದು ಬಂದು ಹೇಳಿದವನಿಗೆ, ನೀನೇ ಕೆಡಿಸಿದೆಯೆಂಬ ಬೈಗಳವೂ ಕೂಲಿಯ ಕಡಿತವೂ ದೊರೆಯುವುದಾದರೆ, ಮುಂದಿನ ಸಲ ಅವನು ತಿರುಪನ್ನು ಏರಿಸಿ ಸುಮ್ಮನಾಗುವನು. ಹೀಗೆ ಮುಚ್ಚಿಟ್ಟ ದೋಷದ ಬೆಲೆಯನ್ನು ತೆರುವವನು ಯಜಮಾನನೇ. ಆದಕಾರಣ ದೋಷವನ್ನು ತಿಳಿಸಿದ ಚಾಲಕನನ್ನು ಗದರಿಸದಿರುವುದು ಎಣ್ಣೆ ಬದಲಾಯಿಸಿದಷ್ಟೇ ಅವಶ್ಯವಾದ ರಕ್ಷಣಾಕಾರ್ಯವು.

ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಮೇಲ್ಪಂಕ್ತಿಯನ್ನು ಹಾಕಬಹುದು. ಪ್ರತಿ ಯಂತ್ರಕ್ಕೂ ಒಂದು ಪುಸ್ತಕವನ್ನಿರಿಸಿ, ನಡೆದ ಗಂಟೆ, ಶೋಧಕ ಎಣ್ಣೆಗಳನ್ನು ಬದಲಾಯಿಸಿದ ದಿನ, ಕಂಡ ದೋಷಗಳನ್ನು ಬರೆಯಿಸಲಿ. ಊರಿಗೆ ಇಬ್ಬರು ಯುವಕರಿಗಾಗಲಿ ಯುವತಿಯರಿಗಾಗಲಿ ಈ ಮೊದಲ ಪರೀಕ್ಷೆಗಳನ್ನು ಕಲಿಸಲಿ. ನಾಟಿಗೆ ಹದಿನೈದು ದಿನ ಮುಂಚೆ ಊರಿನ ಯಂತ್ರಗಳನ್ನೆಲ್ಲ ಒಂದು ಬಯಲಿನಲ್ಲಿ ನಿಲ್ಲಿಸಿ ಮಂದಗತಿಯನ್ನು ಕೇಳಲಿ. ಇದಕ್ಕೆ ದೊಡ್ಡ ವೆಚ್ಚವಿಲ್ಲ; ಬೇಕಾದುದು ಒಂದು ಬೆಳಗಿನ ಹೊತ್ತು. ಎತ್ತಿನ ಮೆಲುಕನ್ನು ಗಮನಿಸಿದ ಹಿರಿಯರ ಮಕ್ಕಳಿಗೆ ಇದು ಹೊಸ ವಿದ್ಯೆಯಲ್ಲ, ಹಳೆಯ ವಿವೇಕವು ಹೊಸ ಕೊಟ್ಟಿಗೆಗೆ ಬಂದಂತೆ ಅಷ್ಟೆ.