ಹಳೆಯ ಕಾರು, ಅಸಲು ಕಾರು

ಐವತ್ತು ವರ್ಷ ತುಂಬಿದ ಮೋಟಾರು ವಾಹನಗಳಿಗೆ ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಲ್ಲಿ ಪ್ರತ್ಯೇಕವಾದೊಂದು ಪಂಕ್ತಿಯನ್ನು ಹಾಕಿತು. ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಮೇರೆಗೆ ಇಂಥ ವಾಹನಕ್ಕೆ ‘ವಿಂಟೇಜ್’ ಎಂಬ ಬಿರುದು. ಫಲಕದ ಮೇಲೆ ‘ವಿಎ’ ಎಂಬ ಎರಡಕ್ಷರ. 20,000 ರೂಪಾಯಿ ಶುಲ್ಕಕ್ಕೆ 10 ವರ್ಷಗಳ ನೋಂದಣಿ, ಬಳಿಕ ನವೀಕರಣಕ್ಕೆ 5,000 ರೂಪಾಯಿ. ನಿತ್ಯದ ಓಡಾಟಕ್ಕೆ ಅದು ರಸ್ತೆಗಿಳಿಯುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ತುಂಬಿಸುವುದಕ್ಕೆ ಮಾತ್ರ ಹೊರಡಬಹುದು. ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ನೀತಿಯೂ ಅದೇ ವರ್ಷ ಪ್ರಕಟವಾಯಿತೆಂಬುದು ಗಮನಿಸತಕ್ಕ ಸಂಗತಿ. ಇಪ್ಪತ್ತು ವರ್ಷದ ಕಾರು ಪರೀಕ್ಷೆಯಲ್ಲಿ ಸೋತರೆ ಒಡೆಯುವವನ ಅಂಗಳಕ್ಕೆ. ಐವತ್ತನ್ನು ದಾಟಿದರೆ ಸನ್ಮಾನಕ್ಕೆ. ನಡುವಣ ಮೂವತ್ತು ವರ್ಷಗಳನ್ನು ಅದು ಹೇಗೆ ಕಳೆಯಬೇಕೆಂಬುದನ್ನು ಯಾರೂ ಹೇಳಿಲ್ಲ.

ಇರಲಿ. ಈ ಸನ್ಮಾನಕ್ಕೆ ಒಂದು ಷರತ್ತಿದೆ. ನನ್ನ ಜಿಜ್ಞಾಸೆಯೆಲ್ಲ ಅದರ ಸುತ್ತಲೇ. ವಾಹನವು ಮೂಲರೂಪದಲ್ಲಿ ಉಳಿದಿರಬೇಕು; ಚಾಸಿಸ್, ಮೈಕಟ್ಟು, ಎಂಜಿನ್ ಇವುಗಳ ಮಾರ್ಪಾಡೂ ಸೇರಿದಂತೆ ‘ಗಣನೀಯ’ವಾದ ಪುನರ್ನಿರ್ಮಾಣಕ್ಕೆ ಒಳಗಾಗಿರಬಾರದು. ಓದುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಗಣನೀಯವೆಂದರೆ ಎಷ್ಟು? ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಸ್ಲೀವು ಕೂರಿಸಿದರೆ ಅದು ರಿಪೇರಿಯೋ ಮಾರ್ಪಾಡೋ? ಇದಕ್ಕಿಂತಲೂ ತೊಡಕಿನದು ತುಕ್ಕಿನ ಪ್ರಶ್ನೆ. ಹಿಂದಿನ ಕಾಲದ ದೊಡ್ಡ ಕಾರುಗಳಲ್ಲಿ ಚಾಸಿಸ್ ಬೇರೆ, ಅದರ ಮೇಲೆ ಕೂರಿಸಿದ ಒಡಲು ಬೇರೆ. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಿಂದ ಹುಟ್ಟಿದ ನಮ್ಮ ಅಂಬಾಸಿಡರಿನಲ್ಲಿ ಹಾಗಲ್ಲ. ಅದರ ಒಡಲೇ ಚಾಸಿಸ್ಸಿನ ಭಾರವನ್ನೂ ಹೊರುತ್ತದೆ. 1970ರ ದಶಕದ ಆರಂಭದ ಅಂಬಾಸಿಡರುಗಳಿಗೆ ಈಗ ಐವತ್ತು ತುಂಬಿದೆ. ಅಷ್ಟು ಮಳೆಗಾಲಗಳನ್ನು ಕಂಡ ಕಾರಿನ ನೆಲದ ತಗಡು ಉಳಿದಿರುವುದುಂಟೆ? ಟಿಂಕರ್ ಕೆಲಸದವನು ಆ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರೆ, ನಿಯಮವನ್ನು ಅಕ್ಷರಶಃ ಹಿಡಿಯುವ ಅಧಿಕಾರಿಗೆ ಅದು ಒಡಲಿನ ಮಾರ್ಪಾಡಷ್ಟೇ ಅಲ್ಲ, ಚಾಸಿಸ್ಸಿನ ಮಾರ್ಪಾಡೂ ಹೌದು. ಬೆಸೆಯದೆ ಬಿಟ್ಟರೆ ಕಾರೇ ಉಳಿಯುವುದಿಲ್ಲ.

ಈ ಬಿಗಿಗೆ ಕಾರಣವಿಲ್ಲದಿಲ್ಲ. ಹಳೆಯ ಕಾರು ಇಂದು ಬರಿಯ ವ್ಯಾಮೋಹದ ವಸ್ತುವಲ್ಲ, ಭಾರಿ ಬೆಲೆಯ ಆಸ್ತಿ. ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಇಂದಿಗೂ ಜೊತೆಯಾಗಿದ್ದರೆ ಒಂದು ಬೆಲೆ, ಎಂಜಿನ್ ಬದಲಾಗಿದ್ದರೆ ಇನ್ನೊಂದು. ಹಣವಿದ್ದಲ್ಲಿ ಹಸ್ತಕೌಶಲ ತಾನಾಗಿ ಬರುತ್ತದೆ. ಸಂಖ್ಯೆಯ ಫಲಕವೊಂದನ್ನು ಎಲ್ಲಿಂದಲೋ ದೊರಕಿಸಿ ಅದರ ಸುತ್ತ ಕಾರನ್ನೇ ಕಟ್ಟುವವರಿದ್ದಾರೆ. ಒಂದು ಕಾರಿನ ಭಾಗಗಳನ್ನು ಹಂಚಿ ಎರಡು ‘ಅಸಲು’ ಕಾರುಗಳನ್ನು ಮಾಡುವವರಿದ್ದಾರೆ. ನಿಯಮ ಸಡಿಲವಾದರೆ ಇವರಿಗೆ ಹಬ್ಬ.

ಆದರೆ ಅಸಲುತನವೆಂಬುದು ಭಾಗಗಳ ಮೊತ್ತವೇ? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಕಟ್ಟೆಯೇರಿತು. 1929 ಮತ್ತು 1930ರಲ್ಲಿ ಲಮಾನ್ ಓಟವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆ ಹಿಂದೆ ಸರಿಯಿತು. ಇದು ಆ ಕಾರೇ ಅಲ್ಲವೆಂದಿತು. ಅದರ ವಾದ ಪೊಳ್ಳಾಗಿರಲಿಲ್ಲ. ಗೆದ್ದ ಕಾರು ಮತ್ತೆ ಮತ್ತೆ ಓಡಿತ್ತು, ಮತ್ತೆ ಮತ್ತೆ ಮಾರ್ಪಟ್ಟಿತ್ತು. 1932ರ ಹೊತ್ತಿಗೆ ಅದರೊಳಗೆ ಎಂಟು ಲೀಟರಿನ ಬೇರೊಂದು ಎಂಜಿನ್. ಆ ವರ್ಷ ಬ್ರೂಕ್‌ಲ್ಯಾಂಡ್ಸಿನ ಅಪಘಾತದಲ್ಲಿ ಚಾಲಕ ಕ್ಲೈವ್ ಡನ್‌ಫೀ ಮಡಿದ. ಬಳಿಕ ಅದಕ್ಕೆ ಮತ್ತೊಂದು ಒಡಲನ್ನು ತೊಡಿಸಲಾಯಿತು. 1930ರ ವಿಜಯದ ಕಾರಿನಿಂದ ಉಳಿದದ್ದು ಪೆಡಲಿನ ದಂಡ, ಗೇರುಪೆಟ್ಟಿಗೆಯ ಕವಚ, ಸ್ಟಿಯರಿಂಗ್ ಕಂಬ ಇಷ್ಟೇ. ಆದರೂ ನ್ಯಾಯಮೂರ್ತಿ ಆಟನ್ ಅವರ ತೀರ್ಪು ಮಾರುವವನ ಕಡೆಗೇ ಆಯಿತು. ಕಾರು ಎಂದೂ ಕಣ್ಮರೆಯಾಗಿ ಮತ್ತೆ ಹುಟ್ಟಿದ್ದಲ್ಲ. ಹೊಸ ಭಾಗಗಳು ಸೇರಿದ್ದು ಒಂದೊಂದಾಗಿ, ಅದು ಜೀವಂತವಾಗಿ ಓಡುತ್ತಿದ್ದಾಗಲೇ. ಆದುದರಿಂದ ಅದು ಯಾವಾಗಲೂ ತಾನೇ ಆಗಿತ್ತು ಎಂಬುದು ತೀರ್ಪಿನ ಸಾರ.

ನಮ್ಮ ಓದುಗರಿಗೆ ಇದು ತೀರ ಹೊಸ ವಾದವೆನಿಸಲಾರದು. ರಥವೇರಿ ಬಂದ ಮಿಲಿಂದ ರಾಜನನ್ನು ನಾಗಸೇನ ಭಿಕ್ಷು ಕೇಳಿದ್ದು ಇದನ್ನೇ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ ಎಂದು. ಪುರಿಯಲ್ಲಿ ಜಗನ್ನಾಥನ ರಥವನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟುತ್ತಾರೆ. ಅದು ಹೋದ ವರ್ಷದ ರಥವಲ್ಲವೆಂದು ಯಾವ ಭಕ್ತನೂ ಹಗ್ಗವನ್ನು ಕೈಬಿಟ್ಟಿಲ್ಲ.

ಇಷ್ಟಾದರೂ ಕಾರ್ಖಾನೆಯವರೇ ಮಾಡಿಕೊಟ್ಟರೆ ಎಲ್ಲವೂ ಅಸಲೆನ್ನುವುದಕ್ಕೆ ನನ್ನ ಮನಸ್ಸು ಒಪ್ಪದು. ಜಾಗ್ವಾರ್ ಕಂಪೆನಿ 1963ರಲ್ಲಿ ಹಗುರ ಒಡಲಿನ 18 ‘ಇ ಟೈಪ್’ ಕಾರುಗಳಿಗೆಂದು ಸಂಖ್ಯೆಗಳನ್ನು ಮೀಸಲಿಟ್ಟು 12ನ್ನಷ್ಟೇ ಕಟ್ಟಿತ್ತು. ಉಳಿದ ಆರನ್ನು ಅದೇ ಹಳೆಯ ಸಂಖ್ಯೆಗಳ ಮುಂದುವರಿಕೆಯೆಂದು 2014ರಲ್ಲಿ ಕಟ್ಟಲು ಹೊರಟಿತು. ತಯಾರಕ ಅದೇ, ನಕ್ಷೆ ಅದೇ, ಪ್ರತಿಯೊಂದು ಭಾಗವೂ ‘ಕಂಪೆನಿ ಮಾಲು’. ಇಲ್ಲದಿರುವುದೊಂದೇ, ನಡುವಣ ಐವತ್ತು ವರ್ಷಗಳ ಬಾಳು. ಭಾಗಗಳೆಲ್ಲ ಹೋಗಿಯೂ ಬೆಂಟ್ಲಿಗೆ ಇದ್ದದ್ದು, ಭಾಗಗಳೆಲ್ಲ ಇದ್ದೂ ಈ ಆರಕ್ಕೆ ಇಲ್ಲದ್ದು ಅದೇ.

ನಮ್ಮ ದೇಶದ ಹಳೆಯ ಕಾರುಗಳ ಬಾಳಿನ ಕಥೆಯಾದರೂ ಅಭಾವದ ಕಥೆ. 1950ರ ದಶಕದಲ್ಲಿ ಸರ್ಕಾರ ಸ್ವದೇಶಿ ತಯಾರಿಕೆಗೆ ಒತ್ತುಕೊಟ್ಟಾಗ ಜನರಲ್ ಮೋಟಾರ್ಸ್, ಫೋರ್ಡ್ ಕಂಪೆನಿಗಳು ಇಲ್ಲಿನ ಜೋಡಣಾ ಕಾರ್ಖಾನೆಗಳನ್ನು ಮುಚ್ಚಿ ಹೊರಟವು. ಅವರು ಬಿಟ್ಟುಹೋದ ಷೆವ್ರೊಲೆ, ಫೋರ್ಡ್ ಕಾರುಗಳು ಮಾತ್ರ ಓಡುತ್ತಲೇ ಇದ್ದವು. ವಿದೇಶಿ ವಿನಿಮಯಕ್ಕೆ ಕಾಸಿಗೆ ಕಾಸು ಲೆಕ್ಕವಿದ್ದ ಆ ಕಾಲದಲ್ಲಿ ಪಿಸ್ಟನ್ನಿಗಾಗಿ ಡೆಟ್ರಾಯಿಟಿಗೆ ಬರೆಯುವುದು ಎಲ್ಲರ ಕೈಲಾಗುವ ಮಾತೇ? ಲೇತಿನ ಮೇಸ್ತ್ರಿ ಬುಷ್ ಕಡೆದುಕೊಟ್ಟ. ಲಾರಿಯ ಬೇರಿಂಗು ಕಾರಿಗೆ ಬಂತು. ಪೆಟ್ರೋಲಿನ ಖರ್ಚು ತಾಳದವರು ದೊಡ್ಡ ಅಮೆರಿಕನ್ ಕಾರಿಗೆ ಡೀಸೆಲ್ ಎಂಜಿನ್ ಇಳಿಸಿದರು. ಇಂದು ಅಂಥದನ್ನು ಬಿಚ್ಚಿ ಹೊರಗಿನಿಂದ ತರಿಸಿದ ‘ಅಸಲು’ ಎಂಜಿನ್ ಕೂರಿಸಿದರೆ ಜೀರ್ಣೋದ್ಧಾರವಾಯಿತೆನ್ನುತ್ತಾರೆ. ನನಗೆ ಸಂದೇಹವಿದೆ. ಆ ಡೀಸೆಲ್ ಎಂಜಿನ್ನು ನಮ್ಮ ಆರ್ಥಿಕ ಚರಿತ್ರೆಯ ಒಂದು ಪುಟ. ಹಾಗೆ ನೋಡಿದರೆ ತರಿಸಿದ ಎಂಜಿನ್ನೇ ಆ ಕಾರಿಗೆ ಪರಕೀಯ.

ಕೆಟ್ಟ ಕೆಲಸವನ್ನೆಲ್ಲ ಚರಿತ್ರೆಯೆಂದು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಬ್ರೇಕು ಹಿಡಿಯದಿದ್ದರೆ ಬದಲಾಯಿಸಲೇಬೇಕು. ಬದಲಾಯಿಸುವುದು ಹೇಗೆಂಬುದಕ್ಕೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ನಮ್ಮ ನಿಯಮಕ್ಕಿಂತ ವಿವೇಕದ ದಾರಿಯನ್ನು ತೋರಿಸುತ್ತದೆ. ವಾಹನ ಬಳಕೆಯಲ್ಲಿದ್ದಾಗ ಆದ ಬದಲಾವಣೆಗಳೂ ಅದರ ಚರಿತ್ರೆಗೆ ಸೇರಿದವು. ಹೊಸದಾಗಿ ಹಾಕಿದ ಭಾಗದ ಮೇಲೆ ಕಣ್ಣಿಗೆ ರಾಚದಂತೆ, ಅಳಿಸದಂತೆ ಗುರುತಿರಲಿ. ಮಾಡಿದ ಕೆಲಸದ ದಾಖಲೆಯಿರಲಿ ಎಂದು ಅದರ ಆಶಯ. ಮೋಸಗಾರನು ಅಂಜುವುದು ಹೊಸ ಭಾಗಕ್ಕಲ್ಲ, ದಾಖಲೆಗೆ. 2018ರಲ್ಲಿ ಪೋರ್ಷೆ ಕಂಪೆನಿ ತನ್ನ 959 ಕಾರಿನ ಕ್ಲಚ್ಚಿನ ಸನ್ನೆಯನ್ನು ಲೋಹದ ಪುಡಿಯಿಂದ, ಲೇಸರ್ ಕಿರಣದ ನೆರವಿನಿಂದ, ಮುದ್ರಿಸಿದಂತೆ ಪದರಪದರವಾಗಿ ಮಾಡತೊಡಗಿತು. ಇಂಥ ವಿದ್ಯೆ ಎಲ್ಲರ ಕೈಗೂ ಬಂದಾಗ ಹಳೆಯದಾವುದು ಹೊಸದಾವುದೆಂದು ಕಣ್ಣಿನಿಂದ ತಿಳಿಯುವುದು ಅಸಾಧ್ಯವಾಗುತ್ತದೆ. ಬರೆದಿಟ್ಟ ಕಾಗದವೇ ಆಗ ಸಾಕ್ಷಿ.

ಆ ಕಾಗದವೇ ನಮ್ಮಲ್ಲಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಗಳಲ್ಲಿ ಫಿಯಟ್ಟಿನ ಕಾರ್ಬ್ಯುರೇಟರನ್ನು ಬರಿಗೈಯಲ್ಲಿ ತಡವಿಯೇ ಅದು ಯಾವ ವರ್ಷದ್ದೆಂದು ಹೇಳಬಲ್ಲ ಹಿರಿಯರನ್ನು ನಾನು ಕಂಡಿದ್ದೇನೆ. ಅವರು ಏನನ್ನೂ ಬರೆದಿಟ್ಟವರಲ್ಲ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ವಿಂಟೇಜ್ ನೋಂದಣಿಗೆ ತುಂಬಬೇಕಾದ್ದು ಹೊಸ ಕಾರಿಗೂ ತುಂಬುವ ಅದೇ 20ನೆಯ ನಮೂನೆಯನ್ನು. ಚಾಸಿಸ್ ಸಂಖ್ಯೆಗೊಂದು ಮನೆ, ಎಂಜಿನ್ ಸಂಖ್ಯೆಗೊಂದು ಮನೆ ಅದರಲ್ಲಿವೆ. ಯಾವ ಭಾಗ ಎಂದು ಬದಲಾಯಿತು, ಬದಲಾಯಿಸಿದವರು ಯಾರು ಎಂದು ಬರೆಯಲು ಮಾತ್ರ ಮನೆಯಿಲ್ಲ.