ಜಪಾನಿನ ಚಿತ್ರಗಳೂ ನಮ್ಮ ಕಣ್ಣೂ

ಅಕಿರ ಕುರೊಸಾವಾ ಅವರ ‘ರಾಶೋಮೊನ್’ ಚಿತ್ರವು 1951ರಲ್ಲಿ ವೆನಿಸ್ ಚಿತ್ರೋತ್ಸವದ ಪರಮ ಪ್ರಶಸ್ತಿಯಾದ ಸ್ವರ್ಣಸಿಂಹವನ್ನು ಪಡೆದಾಗ, ಅದನ್ನು ನಿರ್ಮಿಸಿದ್ದ ದಾಯೇ ಸಂಸ್ಥೆಯವರಿಗೇ ಅದು ಅನಿರೀಕ್ಷಿತ ವಾರ್ತೆಯಾಗಿತ್ತು. ಆ ಚಿತ್ರವನ್ನು ಉತ್ಸವಕ್ಕೆ ಕಳುಹಿಸಬೇಕೆಂದು ಒತ್ತಾಯಿಸಿದವರು ಟೋಕಿಯೋದಲ್ಲಿದ್ದ ಇಟಲಿಯ ವಿದುಷಿ ಜೂಲಿಯಾನಾ ಸ್ತ್ರಾಮಿಜೋಲಿ. ಆ ವೇಳೆಗಾಗಲೇ ಜಪಾನಿನ ಚಲನಚಿತ್ರವು ಅರ್ಧಶತಮಾನದ ಬಾಳನ್ನು ಬಾಳಿತ್ತು. ಕೆಂಜಿ ಮಿಜೊಗುಚಿಯವರು 1923ರಿಂದ ನಿರ್ದೇಶನದಲ್ಲಿ ತೊಡಗಿದ್ದರು. ಯಸುಜಿರೊ ಓಝು ಅವರು ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ಮುಗಿಸಿದ್ದರು. ಇಷ್ಟೆಲ್ಲ ನಡೆದಿದ್ದರೂ, ಪರದೇಶದ ಪ್ರೇಕ್ಷಕನ ಪಾಲಿಗೆ ಜಪಾನೀ ಚಲನಚಿತ್ರಕಲೆಯು ಹುಟ್ಟಿದ್ದು ವೆನಿಸ್ಸಿನಲ್ಲಿ. ಯಾವ ಚಿತ್ರವು ನೋಡತಕ್ಕದ್ದು, ಅದನ್ನು ಯಾವ ಬಗೆಯಲ್ಲಿ ನೋಡತಕ್ಕದ್ದು ಎಂಬುದನ್ನು ಅಂದಿನಿಂದ ಬಹುಮಟ್ಟಿಗೆ ನಿರ್ಣಯಿಸಿದವರು ಯೂರೋಪು ಅಮೆರಿಕಗಳ ರಸಿಕರು. ನಾವು ಕನ್ನಡಿಗರು ಕೂಡ ಅವರು ತೆರೆದ ಬಾಗಿಲಿನಿಂದಲೇ ಒಳಗೆ ಇಣಿಕಿದವರು. ಅವರ ಭಾಷೆಯ ಅಡಿಬರಹಗಳನ್ನು ಓದುತ್ತ, ಅವರ ವಿಮರ್ಶೆಯ ಪರಿಭಾಷೆಯನ್ನು ಕಲಿಯುತ್ತ, ಆ ಚಿತ್ರಗಳನ್ನು ನೋಡಿದವರು. ಜಪಾನಿಗೆ ಅವರಂತೆ ನಾವೂ ಪರಕೀಯರೇ ಅಹುದು. ಆದರೆ ನಮ್ಮ ಪರಕೀಯತೆಯೂ ಅವರದೂ ಒಂದೇ ಜಾತಿಯದಲ್ಲವೆಂಬುದನ್ನು ನಾವು ಇನ್ನೂ ಸರಿಯಾಗಿ ಗಮನಿಸಿಲ್ಲ. ಈ ಲೇಖನದ ಪ್ರಸ್ತಾಪವು ಅದೇ.

ಆ ಬಾಗಿಲಿನಿಂದ ಮೊದಮೊದಲು ಹೊರಬಂದ ಚಿತ್ರಗಳನ್ನು ನೋಡಿರಿ. ಮಿಜೊಗುಚಿಯವರ ‘ಉಗೆತ್ಸು’ 1953ರಲ್ಲಿಯೂ ‘ಸಾನ್ಶೋ ದ ಬೇಲಿಫ್’ 1954ರಲ್ಲಿಯೂ ವೆನಿಸ್ಸಿನಲ್ಲಿ ಪುರಸ್ಕೃತವಾದವು. ಕಿನುಗಾಸಾ ಅವರ ‘ಗೇಟ್ ಆಫ್ ಹೆಲ್’ 1954ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಗಳಿಸಿತು. ಇವೆಲ್ಲವೂ ಪ್ರಾಚೀನಕಾಲದ ಕಥೆಗಳು, ಖಡ್ಗ ಕಿಮೋನೋಗಳ ಕಥೆಗಳು. ಅದೇ ವರ್ಷಗಳಲ್ಲಿ ಮಿಕಿಯೋ ನರುಸೆ ಅವರು ತಮ್ಮ ಕಾಲದ ಮಧ್ಯಮವರ್ಗದ ಹೆಂಗಸರ ಸಂಬಳ, ಸಾಲ, ಬೇಸತ್ತ ದಾಂಪತ್ಯಗಳನ್ನು ಕುರಿತು ಒಂದರ ಮೇಲೊಂದು ಉತ್ತಮ ಚಿತ್ರಗಳನ್ನು ರಚಿಸುತ್ತಿದ್ದರೂ, ವಿದೇಶಗಳಲ್ಲಿ ಬಹುಕಾಲ ಅವರ ಹೆಸರನ್ನು ಬಲ್ಲವರು ವಿರಳ. ಓಝು ಅವರ ‘ಟೋಕಿಯೋ ಸ್ಟೋರಿ’ 1953ರ ಕೃತಿ. ಅದು ನ್ಯೂಯಾರ್ಕಿನ ಚಿತ್ರಮಂದಿರದಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದದ್ದು 1972ರಲ್ಲಿ, ಓಝು ತೀರಿಕೊಂಡು ಎಂಟು ವರ್ಷಗಳು ಕಳೆದ ಮೇಲೆ. ಅವರ ಚಿತ್ರಗಳು ಅತಿಯಾಗಿ ಜಪಾನೀಯವಾಗಿವೆ, ಹೊರಗಿನವರಿಗೆ ಅವು ತಿಳಿಯಲಾರವು ಎಂಬುದು ಅವುಗಳನ್ನು ಹೊರಗೆ ಕಳುಹಿಸಬೇಕಾಗಿದ್ದವರ ಶಂಕೆ.

ತಡವಾಗಿ ಸ್ವೀಕೃತರಾದ ಓಝು ಅವರಿಗೆ ಆಮೇಲೆ ಸಂದ ಗೌರವವು ಇನ್ನೊಂದು ಬಗೆಯ ಅನ್ಯಾಯವಾಯಿತೆಂದು ನಾನು ಭಾವಿಸುತ್ತೇನೆ. ಅವರನ್ನು ಝೆನ್ ಮುನಿಯನ್ನಾಗಿ ಮಾಡಿಬಿಟ್ಟರು. ಅವರ ಮೌನ, ಅವರ ಖಾಲಿ ಕೊಠಡಿಗಳು, ಮನುಷ್ಯರಿಲ್ಲದ ಓಣಿಗಳ ದೃಶ್ಯಗಳು ಎಲ್ಲಕ್ಕೂ ಪೌರಸ್ತ್ಯ ಅಧ್ಯಾತ್ಮದ ಒಂದೇ ವ್ಯಾಖ್ಯಾನ. ಕಾಮಾಕುರಾದ ಎಂಗಾಕುಜಿ ಮಠದಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಶೂನ್ಯವನ್ನು ಸೂಚಿಸುವ ಏಕಾಕ್ಷರವು ಕೆತ್ತಲ್ಪಟ್ಟಿರುವುದು ಈ ವ್ಯಾಖ್ಯಾನಕ್ಕೆ ಮುದ್ರೆಯೊತ್ತಿದಂತಾಯಿತು. ಆದರೆ ಆ ಶಿಲೆಯಡಿಯಲ್ಲಿರುವ ವ್ಯಕ್ತಿಯು ಯೌವನದಲ್ಲಿ ಅಮೆರಿಕದ ಚಿತ್ರಗಳ ಪರಮಭಕ್ತನಾಗಿದ್ದವನು. ಲೂಬಿಚ್ ಮತ್ತು ಹೆರಾಲ್ಡ್ ಲಾಯ್ಡ್ ಅವರಿಂದ ಪಾಠ ಕಲಿತವನು. ತನ್ನ ಆರಂಭದ ಮೂಕಿಚಿತ್ರಗಳಲ್ಲಿ ಕೊಠಡಿಗಳ ಗೋಡೆಗಳಿಗೆ ಹಾಲಿವುಡ್ಡಿನ ಭಿತ್ತಿಪತ್ರಗಳನ್ನು ಅಂಟಿಸಿದವನು. ಸೈನಿಕನಾಗಿ ಚೀನಾಕ್ಕೆ ಹೋಗಿ ಬಂದವನು. ಯುದ್ಧಕಾಲದಲ್ಲಿ ಸಿಂಗಪುರದಲ್ಲಿದ್ದಾಗ, ವಶಪಡಿಸಿಕೊಂಡಿದ್ದ ಅಮೆರಿಕನ್ ಚಿತ್ರಗಳನ್ನು ಕುಳಿತು ನೋಡಿದವನು. ‘ಟೋಕಿಯೋ ಸ್ಟೋರಿ’ಯ ಬೀಜವಾದರೂ ಲಿಯೋ ಮೆಕೇರಿಯವರ 1937ರ ಒಂದು ಅಮೆರಿಕನ್ ಚಿತ್ರದಲ್ಲಿದೆ, ಓಝು ಅವರ ಸಹಲೇಖಕರಾದ ಕೋಗೊ ನೋದಾ ಅದನ್ನು ನೋಡಿದ್ದರು. ಇತ್ತ ಜಪಾನಿನಲ್ಲಿಯೇ, ಓಝು ಅವರ ಬಳಿ ಸಹಾಯಕರಾಗಿ ದುಡಿದ ಶೋಹೆ ಇಮಾಮುರಾ ಆ ಶಾಂತಶೈಲಿಯನ್ನು ತಿರಸ್ಕರಿಸಿ, ಅದಕ್ಕೆ ತೀರ ವಿರುದ್ಧವಾದ ಒರಟು ದಾರಿಯನ್ನು ಹಿಡಿದರು. ಒಂದು ದೇಶದ ಒಳಗೇ ಇಷ್ಟು ಭಿನ್ನಾಭಿಪ್ರಾಯವಿರುವಾಗ, ಆ ದೇಶದ ಆತ್ಮವೆಂದು ಒಬ್ಬನನ್ನು ಎತ್ತಿ ತೋರಿಸುವುದು ಪರಸ್ಥಳದವನ ಆತುರವೇ ಸರಿ.

ನಮ್ಮ ಕಣ್ಣಿನ ಮಾತಿಗೆ ಬರೋಣ. ಓಝು ಅವರ ಕ್ಯಾಮೆರಾ ನೆಲಕ್ಕೆ ಸಮೀಪದಲ್ಲಿರುವುದನ್ನು ಕಂಡು ಪಾಶ್ಚಾತ್ಯ ಲೇಖಕರು ಬೆರಗಾದರು. ಅದು ಚಾಪೆಯ ಮೇಲೆ ಕುಳಿತವನ ದೃಷ್ಟಿಯೆಂದು ವಿವರಿಸಿದರು. ಕುರ್ಚಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ವಿವರಣೆಯ ಅವಶ್ಯಕತೆ ಇದ್ದೀತು. ಹೊಸ್ತಿಲ ಹೊರಗೆ ಪಾದರಕ್ಷೆಯನ್ನು ಕಳಚಿ, ನೆಲದ ಮೇಲೆ ಸಾಲಾಗಿ ಕುಳಿತು ಊಟಮಾಡಿ, ಅದೇ ನೆಲದ ಮೇಲೆ ಹಾಸಿಗೆ ಬಿಚ್ಚಿ ಮಲಗುವ ಮನೆಗಳಲ್ಲಿ ಬೆಳೆದ ನಮ್ಮವರಿಗೆ ಆ ಎತ್ತರವು ವಿಶೇಷವಾಗಿ ತೋರುವುದೇ ಇಲ್ಲ. ಅದು ಮನೆಯ ಎತ್ತರ. ಹಾಗೆ ಬೆರಗಾಗದೆ ನೋಡುವುದರಿಂದ ನಮಗೆ ಒಂದು ಲಾಭವುಂಟು: ವಿವರಣೆಗೆ ಮಣಿಯದೆ ಉಳಿದದ್ದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಕುಳಿತವನ ಕಣ್ಣಿಗಿಂತಲೂ ಆ ಕ್ಯಾಮೆರಾ ಅನೇಕವೇಳೆ ಇನ್ನೂ ಕೆಳಗಿರುತ್ತದೆ. ಯಾರೂ ನೆಲದ ಮೇಲೆ ಕೂರದ ಕಚೇರಿಯಲ್ಲಿ, ಮದ್ಯದಂಗಡಿಯಲ್ಲಿ, ಹೊರಗಣ ಬೀದಿಯಲ್ಲಿಯೂ ಅದು ಅಷ್ಟೇ ಕೆಳಗಿರುತ್ತದೆ. ಆದಕಾರಣ ಅದು ಜನಾಂಗದ ಅಭ್ಯಾಸವಲ್ಲವೆಂದೂ, ಒಬ್ಬ ಕಲಾವಿದನು ಆರಿಸಿಕೊಂಡು ಮೂವತ್ತು ವರ್ಷ ಬಿಡದೆ ಪಾಲಿಸಿದ ನಿಯಮವೆಂದೂ ನಮಗೆ ತಿಳಿಯಬೇಕು. ಕಲಾವಿದನಿಗೆ ಸಲ್ಲಬೇಕಾದ ಕೀರ್ತಿಯನ್ನು ಅವನ ಕುಲಕ್ಕೆ ಹಂಚಿಬಿಡುವುದು ಗೌರವದ ರೂಪದಲ್ಲಿ ಬರುವ ಅಗೌರವ.

‘ಲೇಟ್ ಸ್ಪ್ರಿಂಗ್’ ಎಂಬ 1949ರ ಚಿತ್ರದ ಆ ಪ್ರಸಿದ್ಧ ಹೂದಾನಿಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮಗಳಾದ ನೊರಿಕೊ ಮದುವೆಗೆ ಒಪ್ಪಿದ್ದಾಳೆ. ಅಗಲುವ ಮುನ್ನ ತಂದೆಯೊಡನೆ ಕ್ಯೋಟೋಗೆ ಬಂದಿದ್ದಾಳೆ. ರಾತ್ರಿ ಛತ್ರದ ಕೊಠಡಿಯಲ್ಲಿ ಇಬ್ಬರೂ ಮಲಗಿರುವಾಗ ಅವಳು ಏನನ್ನೋ ಹೇಳಲಾರಂಭಿಸುತ್ತಾಳೆ, ತಂದೆಗೆ ನಿದ್ದೆ ಹತ್ತಿರುತ್ತದೆ, ಅವಳು ಮುಗುಳ್ನಗುತ್ತಾಳೆ. ಬಿದಿರೆಲೆಗಳ ನೆರಳು ಬಿದ್ದ ಕಾಗದದ ಕಿಟಕಿಯ ಮುಂದೆ ಒಂದು ಹೂದಾನಿ ಕಾಣುತ್ತದೆ. ಮತ್ತೆ ಅವಳ ಮುಖ. ಈಗ ಅವಳು ಅಳುವಿನ ಅಂಚಿನಲ್ಲಿದ್ದಾಳೆ. ಮತ್ತೆ ಹೂದಾನಿ. ಪಾಲ್ ಶ್ರೇಡರ್ ಅವರು 1972ರ ತಮ್ಮ ಗ್ರಂಥದಲ್ಲಿ ಇದನ್ನು ಪಾರಮಾರ್ಥಿಕವಾದ ನಿಶ್ಚಲತೆಯ ರೂಪವೆಂದು ಬಗೆದರು. ಕ್ರಿಸ್ಟಿನ್ ಥಾಂಪ್ಸನ್ ಮತ್ತು ಡೇವಿಡ್ ಬಾರ್ಡ್‌ವೆಲ್ ಅವರು ಅಂತಹ ಗೂಢಾರ್ಥವನ್ನು ನಿರಾಕರಿಸಿ, ಕಥೆಯ ಹಂಗಿಲ್ಲದ ಒಂದು ರೂಪವಿನ್ಯಾಸವೆಂದು ಕಂಡರು. ಈ ಮೂವರ ಪಾಂಡಿತ್ಯಕ್ಕೂ ನಮಸ್ಕರಿಸಿ ನನಗೆ ಕಂಡದ್ದನ್ನು ಹೇಳುವುದಾದರೆ, ಆ ಹೂದಾನಿಯು ನಮಗೆ ಬೇರೆ ಕಡೆ ನೋಡಲು ಕೊಟ್ಟ ಅವಕಾಶ. ನಗೆಯು ದುಃಖಕ್ಕೆ ತಿರುಗುವ ಕ್ಷಣವನ್ನು ದಿಟ್ಟಿಸಿ ನೋಡುವುದು ಮರ್ಯಾದೆಯಲ್ಲವೆಂದು ಬಲ್ಲ ಬಂಧುವೊಬ್ಬನು ಮೆಲ್ಲಗೆ ಮುಖ ತಿರುಗಿಸುವಂತೆ, ನಿರ್ದೇಶಕನು ನಮ್ಮ ಮುಖವನ್ನು ತಿರುಗಿಸಿದ್ದಾನೆ. ಮರುದಿನ ರ್‍ಯೋಆನ್‌ಜಿಯ ಶಿಲೋದ್ಯಾನದ ಮುಂದೆ, ಲೋಕವೆಲ್ಲ ಝೆನ್ ತತ್ತ್ವದ ಸಾಕಾರವೆಂದು ಕೊಂಡಾಡುವ ಆ ಕಲ್ಲುಮರಳುಗಳ ಮುಂದೆ, ಹುಡುಗಿಯ ತಂದೆಯೂ ಅವನ ಗೆಳೆಯನೂ ಕುಳಿತು ಮಾತನಾಡುವುದಾದರೂ ಏನನ್ನು? ಹೆಣ್ಣುಮಕ್ಕಳನ್ನು ಅಷ್ಟು ಕಷ್ಟಪಟ್ಟು ಬೆಳೆಸಿ ಕಡೆಗೆ ಪರರ ಮನೆಗೆ ಕಳುಹಿಸಿಕೊಡಬೇಕಲ್ಲ ಎಂಬುದನ್ನು. ಈ ಮಾತಿಗೆ ನಮ್ಮ ಯಾವ ತಂದೆಗೂ ಭಾಷ್ಯ ಬೇಕಾಗಿಲ್ಲ.

ಆದರೆ ಹತ್ತಿರದವರೆಂಬ ಭಾವನೆಯಲ್ಲಿಯೂ ಅಪಾಯವಿದೆ, ಪ್ರಾಯಶಃ ದೂರದವರಿಗೆ ಇಲ್ಲದಂತಹ ಅಪಾಯ. ‘ಟೋಕಿಯೋ ಸ್ಟೋರಿ’ಯನ್ನು ನೋಡಿದ ನಮ್ಮವರನೇಕರು ಅದನ್ನು ಹೆತ್ತವರನ್ನು ಕಡೆಗಣಿಸಿದ ಕೃತಘ್ನ ಮಕ್ಕಳ ಕಥೆಯೆಂದು ತೀರ್ಮಾನಿಸುತ್ತಾರೆ, ನಮ್ಮ ಕೌಟುಂಬಿಕ ಚಿತ್ರಗಳು ನಮಗೆ ಕಲಿಸಿರುವ ಪಾಠವನ್ನು ಅದರ ಮೇಲೆ ಹೇರುತ್ತಾರೆ. ಒನೊಮಿಚಿಯಿಂದ ಬಂದ ವೃದ್ಧದಂಪತಿಗಳನ್ನು ಮಕ್ಕಳು ಅಟಾಮಿಯ ಗದ್ದಲದ ವಸತಿಗೃಹಕ್ಕೆ ಸಾಗಹಾಕುವುದೂ, ತಾಯಿಯ ಅಂತ್ಯಕ್ರಿಯೆಯ ದಿನವೇ ಮಗಳು ನೆನಪಿಗೆಂದು ಅವಳ ಉಡುಪುಗಳನ್ನು ಕೇಳುವುದೂ ನಿಜ. ಆದರೆ ಚಿತ್ರವು ತೀರ್ಪು ಕೊಡುವುದಿಲ್ಲ. ಕಿರಿಯ ಮಗಳು ಕೋಪಗೊಂಡಾಗ, ಮಕ್ಕಳು ಬೆಳೆದಂತೆ ಅವರವರ ಬಾಳು ಬೇರೆಯಾಗುವುದು ಸಹಜವೆಂದು ಸಮಾಧಾನ ಹೇಳುವವಳು, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ಸೊಸೆ ನೊರಿಕೊ. ಎಲ್ಲರಿಗಿಂತ ಹೆಚ್ಚು ಅತ್ತೆಮಾವಂದಿರ ಸೇವೆ ಮಾಡಿದವಳು. ಇದನ್ನು ತಿಳಿಯಬೇಕಾದರೆ ಕಾಲವನ್ನೂ ಅರಿಯಬೇಕು. ಹಿರಿಯ ಮಗನೇ ಮನೆತನದ ಯಜಮಾನನೆಂಬ ಹಳೆಯ ಕುಟುಂಬಪದ್ಧತಿಯನ್ನು ಜಪಾನಿನ ಶಾಸನವು 1947ರಲ್ಲಿ ರದ್ದುಪಡಿಸಿತ್ತು. ಆ ಮಕ್ಕಳು ಯುದ್ಧದಲ್ಲಿ ಸುಟ್ಟು ಮತ್ತೆ ಏಳುತ್ತಿದ್ದ ನಗರದಲ್ಲಿ, ಹೊಸ ಕಾನೂನಿನ ಕೆಳಗೆ, ಇಕ್ಕಟ್ಟಾದ ಮನೆಗಳಲ್ಲಿ ಜೀವನೋಪಾಯವನ್ನು ಹುಡುಕುತ್ತಿದ್ದವರು. ಇಷ್ಟನ್ನು ತಿಳಿದ ಮೇಲೆ ನೊರಿಕೊಳ ಮಾತಿನಲ್ಲಿ ಕ್ಷಮೆಗಿಂತಲೂ ಹೆಚ್ಚಿನದೊಂದು ಕಾಣುತ್ತದೆ; ತಾನೂ ಹಾಗೆಯೇ ಆಗುವೆನೆಂಬ ಅರಿವು ಅಲ್ಲಿದೆ.

ಸಮುರಾಯಿಗಳ ವಿಚಾರದಲ್ಲಿಯೂ ಇದೇ ವಿವೇಕ ಬೇಕು. ಆ ಯೋಧಧರ್ಮವನ್ನು ಹೊರಗಿನವರು ಈಗಲೂ ಆರಾಧಿಸುತ್ತಾರೆ. ಮಸಾಕಿ ಕೊಬಯಾಶಿಯವರು 1962ರ ‘ಹರಕಿರಿ’ಯಲ್ಲಿ ತೋರಿಸಿದ್ದು, ಬಡವನೊಬ್ಬನನ್ನು ಬಿದಿರಿನ ಕತ್ತಿಯಿಂದ ಹೊಟ್ಟೆ ಬಗಿದುಕೊಳ್ಳುವಂತೆ ಬಲವಂತಪಡಿಸಿ, ಅದನ್ನೇ ಕುಲಗೌರವವೆಂದು ದಾಖಲೆಯಲ್ಲಿ ಬರೆದುಕೊಳ್ಳುವ ಮನೆತನದ ಕ್ರೌರ್ಯವನ್ನು. ಸೈನ್ಯದಲ್ಲಿದ್ದಾಗ ಬಡ್ತಿಯನ್ನೇ ನಿರಾಕರಿಸಿದ ಮನುಷ್ಯನು ಮಾಡಿದ ಚಿತ್ರವದು. ತಮ್ಮ ಪರಂಪರೆಯನ್ನು ಜಪಾನೀಯರೇ ಇಷ್ಟು ನಿಷ್ಠುರವಾಗಿ ಪರೀಕ್ಷಿಸಿರುವಾಗ, ನಾವು ದೂರದಿಂದ ಅದಕ್ಕೆ ಹೂಮಾಲೆ ಹಾಕುವುದು ಸಲ್ಲದು.

ಯಾವ ಚಿತ್ರದಿಂದ ಮೊದಲು ಮಾಡಬೇಕೆಂದು ಯಾರಾದರೂ ಕೇಳಿದರೆ ನಾನು ಸಂಕೋಚವಿಲ್ಲದೆ ಕುರೊಸಾವಾ ಅವರ ‘ಇಕಿರು’ ಎನ್ನುತ್ತೇನೆ. 1952ರ ಆ ಚಿತ್ರದ ಆರಂಭದಲ್ಲಿ, ಕೊಳಚೆಗುಂಡಿಯನ್ನು ಮುಚ್ಚಿ ಮಕ್ಕಳಿಗೆ ಆಟದ ಬಯಲು ಮಾಡಿಕೊಡಿರೆಂದು ಬೇಡುವ ಬಡ ಹೆಂಗಸರ ಗುಂಪೊಂದು ನಗರಸಭೆಗೆ ಬರುತ್ತದೆ. ಒಂದು ವಿಭಾಗದಿಂದ ಇನ್ನೊಂದಕ್ಕೆ, ಆರೋಗ್ಯದವರಿಂದ ಉದ್ಯಾನದವರಿಗೆ, ಅಲ್ಲಿಂದ ಮತ್ತೆಲ್ಲಿಗೋ ಅಲೆದು, ಕೊನೆಗೆ ಮೊದಲು ನಿಂತಿದ್ದ ಮೇಜಿನ ಮುಂದೆಯೇ ಅವರು ಬಂದು ನಿಲ್ಲುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಕಡತವನ್ನು ಹುಡುಕಿಕೊಂಡು ಅಲೆದ ಕನ್ನಡಿಗನಿಗೆ ಇದನ್ನು ಯಾವ ದೇಶದ ಸಂಸ್ಕೃತಿಯೆಂದು ವಿವರಿಸಿ ಹೇಳಬೇಕಾದೀತು? ಆ ಮೇಜಿನ ಹಿಂದೆ ಮೂವತ್ತು ವರ್ಷಗಳಿಂದ ಮುದ್ರೆಯೊತ್ತುತ್ತ ಕುಳಿತ ವತಾನಬೆ, ತನಗೆ ಜಠರದ ಅರ್ಬುದವೆಂದು ತಿಳಿದ ಮೇಲೆ, ಉಳಿದ ಕೆಲವು ತಿಂಗಳನ್ನು ಆ ಉದ್ಯಾನಕ್ಕಾಗಿಯೇ ಮುಡುಪಿಡುತ್ತಾನೆ. ತಕಾಶಿ ಶಿಮುರಾ ಅವರ ಬಾಗಿದ ಬೆನ್ನೂ ತೆರೆದ ಕಣ್ಣುಗಳೂ ಹೇಳುವುದನ್ನು ಮಾತಿನಲ್ಲಿ ಹಿಡಿಯಲಾಗದು.

ಅಲ್ಲಿಂದ ಮುಂದೆ ಕುರೊಸಾವಾ ಮಾಡಿರುವುದು ಅಸಾಧಾರಣವಾದದ್ದು. ಕಥೆಯ ಮಧ್ಯದಲ್ಲಿಯೇ ವತಾನಬೆ ಸತ್ತುಹೋಗಿರುತ್ತಾನೆ. ಉಳಿದ ಚಿತ್ರದ ಬಹುಭಾಗವೆಲ್ಲ ಅವನ ಭಾವಚಿತ್ರದ ಮುಂದೆ ರಾತ್ರಿಯಿಡೀ ಕುಳಿತ ಅಧಿಕಾರಿಗಳ ಸಂಭಾಷಣೆ. ಸಾವಿನ ಮನೆಯಲ್ಲಿ ಮದ್ಯ ಹಂಚುವುದನ್ನು ಕಂಡು ನಮ್ಮ ಸೂತಕದ ಸಂಸ್ಕಾರವು ಒಮ್ಮೆ ಹಿಂಜರಿಯುತ್ತದೆ. ಅದು ಅವರ ಆಚಾರ. ಆ ಹಿಂಜರಿಕೆಯನ್ನು ಅಡಗಿಸಬೇಕಾಗಿಲ್ಲ, ಅದಕ್ಕೆ ಸೋಲಬೇಕಾಗಿಯೂ ಇಲ್ಲ. ಏಕೆಂದರೆ ಆ ಪಾನದಿಂದಲೇ ಗುಮಾಸ್ತರ ನಾಲಗೆಗಳು ಸಡಿಲಗೊಂಡು, ಉಪಮೇಯರನು ಅಪಹರಿಸಿದ ಕೀರ್ತಿಯು ಯಾರಿಗೆ ಸಲ್ಲಬೇಕಾದದ್ದೆಂಬುದು ಹೊರಬೀಳುತ್ತದೆ. ಎಲ್ಲರೂ ಕಣ್ಣೀರಿಟ್ಟು, ಇನ್ನು ಮುಂದೆ ಅವನಂತೆ ದುಡಿಯುವೆವೆಂದು ಪ್ರತಿಜ್ಞೆ ಮಾಡುತ್ತಾರೆ. ಮರುದಿನ ಕಚೇರಿ ಹಿಂದಿನಂತೆಯೇ ನಡೆಯುತ್ತದೆ. ಪ್ರತಿಭಟಿಸಲು ಎದ್ದುನಿಂತ ಒಬ್ಬನೇ ಒಬ್ಬ ಗುಮಾಸ್ತನು ಮೆಲ್ಲನೆ ಕುಳಿತು ಕಡತಗಳ ರಾಶಿಯ ಹಿಂದೆ ಮರೆಯಾಗುತ್ತಾನೆ. ನಾನು ಕಂಡ ಚಿತ್ರಗಳಲ್ಲಿ ಸರ್ಕಾರಿ ನೌಕರನ ಅಂತಃಕರಣವನ್ನು ಕುರಿತು ಇದಕ್ಕಿಂತ ಸತ್ಯವಾದದ್ದು ಮತ್ತೊಂದಿಲ್ಲ.

ಕನ್ನಡಕ್ಕೆ ಈ ಸಂಬಂಧವು ತೀರ ಹೊಸದೂ ಅಲ್ಲ. ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ಯನ್ನು ಮಾಡಿದಾಗ ಕುರೊಸಾವಾ ಅವರ ಯೋಧಚಿತ್ರಗಳು ಅವರ ಮನಸ್ಸಿನಲ್ಲಿದ್ದವು; ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಲೋಕದ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿರಿಸಿ, ಅವರು ಅವನ್ನು ಗ್ರಹಿಸಬಲ್ಲರೆಂದು ಸಾಧಿಸಿ ತೋರಿಸಿದರು. ಆದರೂ ಇಂದಿಗೂ ಬೆಂಗಳೂರಿನ ಚಿತ್ರೋತ್ಸವಗಳಲ್ಲಿ ಜಪಾನಿನ ಚಿತ್ರವೊಂದು ಬಂದರೆ, ಅದರ ಕೆಳಗೆ ಓಡುವ ಅಕ್ಷರಗಳು ಇಂಗ್ಲಿಷಿನವು. ಇಂಗ್ಲಿಷನ್ನು ಸರಾಗವಾಗಿ ಓದಲಾರದ ರೈತನೂ ಶಾಲಾ ಉಪಾಧ್ಯಾಯನೂ ತಾಲ್ಲೂಕು ಕಚೇರಿಯ ಗುಮಾಸ್ತನೂ ಹೊರಗೇ ಉಳಿಯುತ್ತಾರೆ. ಜಪಾನೀ ಭಾಷೆಯನ್ನು ಶ್ರದ್ಧೆಯಿಂದ ಕಲಿತ ಕನ್ನಡಿಗರು ಈಗ ನಮ್ಮ ನಡುವೆ ಅನೇಕರಿದ್ದಾರೆ. ಚಿತ್ರೋತ್ಸವವನ್ನು ನಡೆಸುವವರಲ್ಲಿಯೂ ಊರೂರಿನ ಚಿತ್ರಸಮಾಜಗಳಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು: ಹಕ್ಕುಳ್ಳವರಿಂದ ಅನುಮತಿ ಪಡೆದು, ಅಂತಹ ಒಬ್ಬರಿಂದ ‘ಇಕಿರು’ ಚಿತ್ರಕ್ಕೆ ಜಪಾನಿಯಿಂದಲೇ ನೇರವಾಗಿ ಕನ್ನಡದ ಅಡಿಬರಹವನ್ನು ಬರೆಸಿರಿ, ಬರೆಸಿದ ಮೇಲೆ ಅದನ್ನು ರಾಜಧಾನಿಯಲ್ಲಿ ಮಾತ್ರ ತೋರಿಸದೆ, ಒಂದೊಂದು ಜಿಲ್ಲಾಕೇಂದ್ರದಲ್ಲಿಯೂ ಒಂದು ಸಂಜೆ ತೋರಿಸಿರಿ, ಕಚೇರಿಗಳ ನೌಕರರನ್ನು ಮರೆಯದೆ ಕರೆಯಿರಿ.