ತಕ್ಕಡಿಗೆ ಸಿಕ್ಕದ ಹೊರೆ

ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ವ್ಯಾಪಾರ ನಡೆಯುವುದು ೧೫ ಕಿಲೋ ಪೆಟ್ಟಿಗೆಯ ಲೆಕ್ಕದಲ್ಲಿ. ಮುಳಬಾಗಿಲಿನ ರೈತನ ಕೈಗೆ ಆ ಭಾರ ಚಿರಪರಿಚಿತ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕನು ಒಪ್ಪಿಸಬಹುದಾದ ಸಾಮಾನೂ ಬಹುಮಟ್ಟಿಗೆ ಅಷ್ಟೇ. ಒಂದು ಟೊಮ್ಯಾಟೊ ಪೆಟ್ಟಿಗೆಯ ತೂಕದಲ್ಲಿ ಸ್ಕೂಬಾ ಮುಳುಗಿನ ಸಲಕರಣೆಯನ್ನೆಲ್ಲ ಅಡಕಮಾಡುವುದೆಂದರೆ ಜಾಣತನದ ಕೆಲಸವೇ ಸರಿ.

ದೇವನಹಳ್ಳಿಯಿಂದ ಅಂಡಮಾನಿಗೆ ಹಾರಲು ಹೊರಟ ಮಾಲೂರಿನ ತರುಣನು ಮೊದಲು ಅರಿಯಬೇಕಾದುದು, ಏನನ್ನು ಒಯ್ಯಬಾರದೆಂಬುದನ್ನು. ಅಲ್ಯೂಮಿನಿಯಂ ಸಿಲಿಂಡರು ಬರಿದಾಗಿದ್ದರೂ ಸುಮಾರು ೧೪ ಕಿಲೋ ತೂಗುತ್ತದೆ; ಒತ್ತಡದ ಗಾಳಿ ತುಂಬಿದ್ದರಂತೂ ಅದಕ್ಕೆ ವಿಮಾನದಲ್ಲಿ ಎಡೆಯಿಲ್ಲ. ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳನ್ನು ಹೊತ್ತೊಯ್ಯುವುದೂ ವ್ಯರ್ಥವೇ. ಇವೆರಡೂ ಮುಳುಗುವ ತಾಣದಲ್ಲಿಯೇ ಬಾಡಿಗೆಗೆ ದೊರೆಯುತ್ತವೆ.

ಉಳಿದುದನ್ನು ಜೋಡಿಸುವ ಬಗೆಯನ್ನು ಶ್ರೀನಿವಾಸಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಮಾವಿನ ಹಣ್ಣು ಜಜ್ಜದಂತೆ ಹುಲ್ಲಿನ ಮೆತ್ತೆ ಹಾಸುವುದನ್ನು ಅವರು ಬಲ್ಲರು. ಇಲ್ಲಿ ಆ ಮೆತ್ತೆಯ ಕೆಲಸವನ್ನು ರಬ್ಬರಿನ ಉಡುಪು ಮಾಡುತ್ತದೆ. ಕಾಲಿಗೆ ತೊಡುವ ಈಜುರೆಕ್ಕೆಗಳನ್ನು ಪೆಟ್ಟಿಗೆಯ ಎರಡು ಪಕ್ಕಗಳಿಗೆ ನಿಲ್ಲಿಸಿ, ತೇಲುವ ಅಂಗಿಯನ್ನು ಚೆನ್ನಾಗಿ ಒಣಗಿಸಿ ನಡುವೆ ಮಡಿಸಿಡಬೇಕು. ಚಾಕು ಈ ಪೆಟ್ಟಿಗೆಯಲ್ಲಿಯೇ ಇರತಕ್ಕದ್ದು. ಉಸಿರಾಟದ ರೆಗ್ಯುಲೇಟರು, ಮುಖವಾಡ, ಆಳವನ್ನೂ ಕಾಲವನ್ನೂ ಎಣಿಸುವ ಪುಟ್ಟ ಯಂತ್ರ ಮಾತ್ರ ಕೈಚೀಲದಲ್ಲಿ ಬರಲಿ. ಪೆಟ್ಟಿಗೆ ದಾರಿ ತಪ್ಪಿದರೂ ಪ್ರಾಣ ಕಾಯುವ ವಸ್ತುಗಳು ಒಡೆಯನ ಬಳಿಯಲ್ಲಿರುತ್ತವೆ. ಬಿಡಿ ಲಿಥಿಯಂ ಬ್ಯಾಟರಿಗಳಿಗೂ ಕೈಚೀಲವೇ ಸ್ಥಳ.

ಇಷ್ಟೆಲ್ಲ ಹೋಗುವಾಗಿನ ಎಚ್ಚರಿಕೆ. ಹಿಂದಿರುಗುವಾಗ ಯಾವ ತಕ್ಕಡಿಗೂ ಸಿಕ್ಕದ ಹೊರೆಯೊಂದು ಮೈಯೊಳಗೆ ಸೇರಿರುತ್ತದೆ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ೩ ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದವು. ಅಲ್ಲಿಯೂ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಒಂದೂವರೆ ಪಟ್ಟನ್ನು ಮುಟ್ಟುತ್ತಿರಲಿಲ್ಲ. ಕಡಲಿನಲ್ಲಾದರೋ ಬರಿಯ ೧೦ ಮೀಟರು ಇಳಿದರೆ ಒತ್ತಡ ಇಮ್ಮಡಿಸುತ್ತದೆ! ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ ನಿಲ್ಲುತ್ತದೆ. ಒತ್ತಡ ಥಟ್ಟನೆ ತಗ್ಗಿದರೆ, ಗೋಲಿ ಒತ್ತಿದ ಸೋಡಾ ಸೀಸೆಯಲ್ಲಿ ಆಗುವಂತೆ ಗುಳ್ಳೆಗಳೇಳುತ್ತವೆ. ಅದರ ಫಲ ಕೀಲುನೋವು, ಅಂಗಸ್ವಾಧೀನ ತಪ್ಪುವುದು, ಕೆಲವೊಮ್ಮೆ ಮರಣ.

ಹಾರುವ ವಿಮಾನದೊಳಗಿನ ಒತ್ತಡವು ೨,೪೦೦ ಮೀಟರು ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಆದುದರಿಂದಲೇ ಒಂದು ಸಾಧಾರಣ ಮುಳುಗಿನ ನಂತರ ಕನಿಷ್ಠ ೧೨ ಗಂಟೆ, ಹಲವು ಮುಳುಗುಗಳ ನಂತರ ಕನಿಷ್ಠ ೧೮ ಗಂಟೆ ಕಳೆಯದೆ ವಿಮಾನವೇರಬಾರದೆಂದು ತಜ್ಞರು ವಿಧಿಸಿದ್ದಾರೆ. ೨೪ ಗಂಟೆ ಕಾದರೆ ಇನ್ನೂ ಲೇಸು.

ವಿಮಾನದ ಗೊಡವೆಯೇ ಬೇಡವೆಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ, ಕಾರಿನಲ್ಲಿ ಘಟ್ಟ ಹತ್ತಿ ಬರುವವರೂ ಉಂಟು. ಅವರಿಗೂ ಈ ನಿಯಮ ತಪ್ಪದು. ಸುಮಾರು ೬೦೦ ಮೀಟರಿಗೆ ಮೇಲ್ಪಟ್ಟ ಎತ್ತರವೆಲ್ಲ ಇದರ ಲೆಕ್ಕಕ್ಕೆ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಊರುಗಳು ಸಮುದ್ರಮಟ್ಟದಿಂದ ೮೦೦ ಮೀಟರಿಗೂ ಎತ್ತರದಲ್ಲಿವೆ. ಈ ಸೀಮೆಯವರಿಗೆ ಕಡಲಿನಿಂದ ಮನೆಗೆ ಮರಳುವುದೇ ಒಂದು ಹಾರಾಟ.

ಮಗನು ಕಡಲತಡಿಯಿಂದ ಫೋನು ಮಾಡಿದಾಗ "ಇಂದೇ ಹೊರಟು ಬಾ" ಎನ್ನುವುದು ತಾಯಿಯ ಸಹಜ ಮಮತೆ. "ನಾಳೆ ಬಾ" ಎನ್ನುವುದು ಅದಕ್ಕಿಂತ ಹಿರಿದಾದ ಮಮತೆ.